ಕೋಲಾರದಲ್ಲಿ ಧ್ರುವ ನಕ್ಷತ್ರ ಎಷ್ಟು ಎತ್ತರ?

ನಕ್ಷತ್ರಗಳ ಫೋಟೊ ತೆಗೆಯೋಕೆ ಮೌಂಟ್ ತಗೋಬೇಕು ಅಂತಿದ್ದೀರಾ? ಮೊದಲು ಒಂದು ಲೆಕ್ಕ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ. ಮೌಂಟ್ ಅದೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಿದರೆ ನಕ್ಷತ್ರ ಚುಕ್ಕೆಯಾಗೇ ಉಳಿಯುತ್ತೆ, ಇಲ್ಲಾಂದ್ರೆ ಗೆರೆ. ಅದಕ್ಕೆ ಮೌಂಟಿನ ಅಕ್ಷ ಭೂಮಿಯ ಅಕ್ಷದ ಜೊತೆ ಸಾಲಾಗಿರಬೇಕು.

'ಧ್ರುವ ನಕ್ಷತ್ರಕ್ಕೆ ಗುರಿಯಿಡಿ' ಅಂತಾರೆ ಯೂಟ್ಯೂಬಲ್ಲಿ. ಲಂಡನ್ನಿನಲ್ಲಿ ಅದು ಸುಮಾರು 51 ಡಿಗ್ರಿ ಮೇಲಿರುತ್ತೆ. ಕೋಲಾರದಲ್ಲಿ ಬರೀ 13! ಕೈ ಚಾಚಿ ಮುಷ್ಟಿ ಹಿಡಿದರೆ 10 ಡಿಗ್ರಿ. ಅದಕ್ಕಿಂತ ಚೂರು ಮೇಲೆ ಅಷ್ಟೇ. ಮಾಲೂರಿನ ಧೂಳೋ, ಮುಳಬಾಗಿಲಿನ ಬಂಡೆಬೆಟ್ಟವೋ, ಶ್ರೀನಿವಾಸಪುರದ ಮಾವಿನ ತೋಪೋ, ಏನಾದ್ರೂ ಅಡ್ಡ ಬರುತ್ತೆ. ತಮಿಳುನಾಡಿನ ಕಾವಲೂರಿನಲ್ಲಿರೋ 2.34 ಮೀಟರ್ ವೈನು ಬಪ್ಪು ದೂರದರ್ಶಕದ ಅಕ್ಷವೂ ಹೀಗೇ ಮಲಗಿದ ಹಾಗಿದೆ, ಸುಮಾರು 12.5 ಡಿಗ್ರಿ.

ಧ್ರುವ ಕಾಣದಿದ್ರೆ ಡ್ರಿಫ್ಟ್ ವಿಧಾನ ಇದೆ. ಒರಾಯನ್ ಬೆಲ್ಟಿನ ನಕ್ಷತ್ರ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗ ಐದು ನಿಮಿಷ ನೋಡಿ. ಉತ್ತರಕ್ಕೋ ದಕ್ಷಿಣಕ್ಕೋ ಜಾರಿದರೆ ಮೌಂಟನ್ನು ಎಡ-ಬಲ ತಿರುಗಿಸಿ. ಪೂರ್ವದಲ್ಲಿರೋ ನಕ್ಷತ್ರ ಹಾಗೆ ಜಾರಿದರೆ ಅಕ್ಷದ ಎತ್ತರ ಸರಿಮಾಡಿ. ಪೂರ್ವ-ಪಶ್ಚಿಮದ ಓಲಾಟ ಬಿಟ್ಟುಬಿಡಿ, ಅದು ಹೆಚ್ಚಾಗಿ ಗೇರಿನ ಕಾಟ.

ದುಡ್ಡು ಕೊಡೋ ಮುಂಚೆ ಅಂಗಡೀಲೇ '13 ಡಿಗ್ರಿಗೆ ಬಾಗಿಸಿ ತೋರಿಸಿ' ಅನ್ನಿ. ಕೆಲವು ಅಷ್ಟು ಬಾಗೋದೇ ಇಲ್ಲ. ಇನ್ನು ಕೆಲವದರಲ್ಲಿ ತೂಕ ಹಾಕೋ ರಾಡ್ ಟ್ರೈಪಾಡ್ ಕಾಲಿಗೆ ಬಡಿಯುತ್ತೆ.