ತಾತನ ಪುಸ್ತಕದಲ್ಲಿ ಇಲ್ಲದ ಸಾಲು

ಹನೂರಿನ ನಮ್ಮ ತಾತ 1955ರಲ್ಲಿ ಸೈನ್ಯಕ್ಕೆ ಸೇರಿದಾಗ ನಮ್ಮೂರು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕಲ್ಲಿತ್ತು. ಪಕ್ಕದ ಯಳಂದೂರು ಆಗಲೇ ಮೈಸೂರು. 1956ರಲ್ಲಿ ನಾವೂ ಮೈಸೂರು ಜಿಲ್ಲೆ ಆದ್ವಿ, 1997ರಲ್ಲಿ ಚಾಮರಾಜನಗರ. ಮನೆ ಅದೇ, ಜಿಲ್ಲೆ ಮೂರು. ತಾತನ ಡಿಸ್ಚಾರ್ಜ್ ಪುಸ್ತಕದಲ್ಲಿ ಮಾತ್ರ ಇನ್ನೂ ಕೊಯಮತ್ತೂರು.

ಅದರಲ್ಲಿ 1971ರ ಯುದ್ಧದ ಪದಕಗಳೂ ಇಲ್ಲ. ಪಶ್ಚಿಮ ಗಡಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. ತಾತ ಪಶ್ಚಿಮದಲ್ಲಿದ್ರು.

"ಇದ್ರಿಂದ ಪೆನ್ಷನ್ ಏನೂ ಜಾಸ್ತಿ ಆಗಲ್ಲ ತಾತ" ಅಂದೆ.

"ಬರ್ದಿಲ್ಲ ಅಂದ್ರೆ ನಾನು ಹೋಗೇ ಇಲ್ಲ ಅಂತನಾ ಮಗ?" ಅಂದ್ರು.

ಬಿಕಾಂ ಓದಿದ ನಾನು ಸುಮ್ಮನಾದೆ. ಎಂಟ್ರಿ ಇಲ್ಲದ್ದು ಲೆಕ್ಕಕ್ಕೇ ಇಲ್ಲ ಅಂತ ತಾನೇ ನಮಗೆ ಹೇಳಿಕೊಟ್ಟಿದ್ದು!

ಇದನ್ನ ಸರಿಪಡಿಸೋದು ಅವರವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿ. ಆರ್ಮಿ ನಂಬರ್, ಆಗಿದ್ದ ಯೂನಿಟ್, ಪುಸ್ತಕದ ಜೆರಾಕ್ಸ್, ಈಗಿನ ವಿಳಾಸ ಇಟ್ಟು ಅರ್ಜಿ ಕಳಿಸಿದೀವಿ. ಉತ್ತರಕ್ಕೆ ಕಾಯ್ತಾ ಇದೀವಿ. ದಾರಿ ಗೊತ್ತಾಗದಿದ್ರೆ ಸೈನಿಕ ಕಲ್ಯಾಣ ಇಲಾಖೆಯಲ್ಲಿ ಕೇಳಿ.

ನಿಮ್ಮ ಮನೆ ಟ್ರಂಕಲ್ಲೂ ಇಂಥ ಪುಸ್ತಕ ಇದ್ರೆ ಇವತ್ತೇ ತೆಗೀರಿ. ಯಾವ ಯೂನಿಟ್, ಯಾವಾಗ ಎಲ್ಲಿದ್ರಿ ಅಂತ ಹಿರಿಯರ ಪಕ್ಕ ಕೂತು ಬರ್ಕೊಳ್ಳಿ. ಆಮೇಲೆ ಕೇಳೋಣ ಅಂದ್ರೆ ಹೇಳೋಕೆ ಅವರಿರಬೇಕಲ್ಲ.