ಡಿಗ್ರಿಯ ಮೂರು ವರ್ಷ, ಮೈದಾನದ ಮೂರು ವರ್ಷ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ. ಬರೆಯುವಾಗ ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ.)



ನನಗೆ ಕೊಟ್ಟ ವಿಷಯ ‘ಯುವಜನರು ಮತ್ತು ಶಿಕ್ಷಣ’. ಅದರ ಬಗ್ಗೆ ಪ್ರತಿ ವರ್ಷ ಯಾರಾದರೂ ಮಾತಾಡುತ್ತಾರೆ, ನನಗಿಂತ ಚೆನ್ನಾಗಿಯೇ ಮಾತಾಡುತ್ತಾರೆ. ನಾನು ಅದರೊಳಗಿನ ಒಂದು ಮೂಲೆ ಮಾತ್ರ ಹಿಡಿದುಕೊಳ್ತೀನಿ. ನಮ್ಮ ಪಾಲಮೂರು ವಿಶ್ವವಿದ್ಯಾಲಯ ಕಾಲೇಜು ಕಾಲೇಜುಗಳ ನಡುವೆ ನಡೆಸುವ ಆಟೋಟ, ಇಂಟರ್ ಕಾಲೇಜಿಯೇಟ್ ಅಂತೀವಲ್ಲ, ಅದು. ನಾನು ಬಿಎ ಕೊನೆಯ ವರ್ಷದಾಕಿ. ಓಡ್ತೀನಿ. ‘ಓಡಿದ್ರ ಹೊಟ್ಟಿ ತುಂಬ್ತದೇನು?’ ಅಂತ ನಮ್ಮವ್ವ ಕೇಳ್ತಾಳೆ. ಇವತ್ತು ಆಕಿ ಮೂರನೇ ಸಾಲಿನಾಗ ಕೂತಾಳ. ಮನೆಯಲ್ಲಿ ಹೇಳಿದರೆ ಕೇಳೋದಿಲ್ಲ, ಅದಕ್ಕೇ ಮೈಕಿನಲ್ಲಿ ಹೇಳ್ತೀನಿ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೊದಲು ಒಂದೇ ಜಿಲ್ಲೆ. 2016ರಲ್ಲಿ ಗದ್ವಾಲ ಬೇರೆ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಬೇರೆಯಾಯಿತು. ಆದರೆ ಡಿಗ್ರಿ ಕಾಲೇಜಿನ ಮಕ್ಕಳಿಗೆ ಮೈದಾನ ಇನ್ನೂ ಒಂದೇ. 2008ರಲ್ಲಿ ಪಾಲಮೂರು ವಿಶ್ವವಿದ್ಯಾಲಯ ಬರೋತನಕ ನಮ್ಮ ಕಡೆಯ ಕಾಲೇಜುಗಳು ಉಸ್ಮಾನಿಯಾ ಕೆಳಗಿದ್ದವು. ಅಂದರೆ ಮಕ್ತಲ್ ಹುಡುಗ ವಿಶ್ವವಿದ್ಯಾಲಯದ ತಂಡಕ್ಕೆ ಬರಬೇಕಾದರೆ ಹೈದರಾಬಾದಿನ ದೊಡ್ಡ ದೊಡ್ಡ ಕಾಲೇಜುಗಳ ಹುಡುಗರನ್ನು ದಾಟಬೇಕಿತ್ತು. ಈಗ ಪೈಪೋಟಿ ನಮ್ಮನಮ್ಮೊಳಗೆ. ಕೃಷ್ಣಾ, ಮಾಗನೂರು ಕಡೆಯವರು ಕೆಲವರು ಹೊಳೆ ದಾಟಿ ರಾಯಚೂರಿನಲ್ಲಿ ಡಿಗ್ರಿ ಸೇರುತ್ತಾರೆ, ಅವರು ಅಲ್ಲಿನ ವಿಶ್ವವಿದ್ಯಾಲಯದ ಪರವಾಗಿ ಆಡಬೇಕು. ಊರು ಯಾವುದು ಅಂತ ಯಾರೂ ಕೇಳೋದಿಲ್ಲ, ಅಡ್ಮಿಷನ್ ಎಲ್ಲಿ ಅಂತ ಕೇಳುತ್ತಾರೆ.

ಕಾಲೇಜು ಕಾಲೇಜುಗಳ ನಡುವೆ ಆಡಿಸಿ, ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಕಬಡ್ಡಿ, ಖೋಖೋ, ವಾಲಿಬಾಲ್ ತಂಡಗಳು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗುತ್ತವೆ. ಅಲ್ಲಿ ಗೆದ್ದು ಮೇಲೆ ಬಂದರೆ ಅಖಿಲ ಭಾರತ ಮಟ್ಟ. ಅದನ್ನು ನೋಡಿಕೊಳ್ಳುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಅದರ ಮೇಲೂ ಒಂದು ಮೆಟ್ಟಿಲು ಬಂದಿದೆ, 2020ರಲ್ಲಿ ಭುವನೇಶ್ವರದಲ್ಲಿ ಶುರುವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ವಯಸ್ಸು 17ರಿಂದ 25ರ ಒಳಗಿರಬೇಕು, ಕಾಲೇಜಿನಲ್ಲಿ ನಿಜವಾಗಿ ಓದುತ್ತಿರಬೇಕು. ಕ್ಲಬ್ಬಿಗೆ ಸೇರಬೇಕಿಲ್ಲ, ಅಕಾಡೆಮಿಗೆ ಸಾವಿರಾರು ರೂಪಾಯಿ ಕಟ್ಟಬೇಕಿಲ್ಲ. ನಮ್ಮಂಥವರಿಗೆ ಇಷ್ಟು ಸಲೀಸಾಗಿ ತೆರೆಯುವ ಬಾಗಿಲು ಆಟದಲ್ಲಿ ಬೇರೆ ಯಾವುದೂ ನನಗೆ ಕಂಡಿಲ್ಲ.

ಈಗ ಅವ್ವನ ಪ್ರಶ್ನೆಗೆ ಬರ್ತೀನಿ. ಕೇಂದ್ರ ಸರಕಾರದ ಗ್ರೂಪ್ ಸಿ ನೌಕರಿಗಳಲ್ಲಿ ಕ್ರೀಡಾ ಕೋಟಾ ಅಂತ ಇದೆ. ಅದಕ್ಕೆ ಬೇರೆ ಬೇರೆ ನಮೂನೆಯ ಸರ್ಟಿಫಿಕೇಟು. ದೇಶಕ್ಕೆ ಆಡಿದವರಿಗೆ ಫಾರಂ 1, ರಾಜ್ಯಕ್ಕೆ ಆಡಿದವರಿಗೆ ಫಾರಂ 2, ವಿಶ್ವವಿದ್ಯಾಲಯದ ಪರವಾಗಿ ಆಡಿದವರಿಗೆ ಫಾರಂ 3, ಶಾಲಾ ಮಕ್ಕಳ ರಾಷ್ಟ್ರೀಯ ಪಂದ್ಯದಲ್ಲಿ ಆಡಿದವರಿಗೆ ಫಾರಂ 4. ವಯಸ್ಸಿನಲ್ಲಿ ಐದು ವರ್ಷದವರೆಗೆ ಸಡಿಲಿಕೆ, ಎಸ್ಸಿ ಎಸ್ಟಿಯವರಿಗೆ ಹತ್ತು ವರ್ಷದವರೆಗೆ. ನಮ್ಮ ಕೈಗೆ ಎಟುಕುವುದು ಈ ಫಾರಂ 3. ಆದರೆ ಇಲ್ಲೇ ಬಹಳ ಮಂದಿ ಮೋಸ ಹೋಗ್ತಾರೆ. ಇಂಟರ್ ಕಾಲೇಜಿಯೇಟ್‌ನಲ್ಲಿ ಗೆದ್ದ ಸರ್ಟಿಫಿಕೇಟು ಇದ್ದರೆ ಸಾಕು ಅಂದುಕೊಳ್ತಾರೆ. ಸಾಲದು. ವಿಶ್ವವಿದ್ಯಾಲಯದ ತಂಡದಲ್ಲಿ ಹೊರಗೆ ಹೋಗಿ ಅಂತರ ವಿಶ್ವವಿದ್ಯಾಲಯದಲ್ಲಿ ಆಡಿರಬೇಕು. ಕೆಲವು ಇಲಾಖೆಗಳು ಅಲ್ಲಿ ಸ್ಥಾನವೂ ಬಂದಿರಬೇಕು ಅಂತ ಕೇಳುತ್ತವೆ. ಅಂದರೆ ಅವ್ವಾ, ಓಡಿದರೆ ಹೊಟ್ಟೆ ತುಂಬುತ್ತದೆ ಅಂತ ನಾನು ಮಾತು ಕೊಡಲಾರೆ. ತುಂಬುವ ದಾರಿ ಒಂದಿದೆ ಅಂತ ಮಾತ್ರ ಹೇಳಬಲ್ಲೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಥ್ಲಾನ್ ಕಂಚು ಗೆದ್ದ ನಂದಿನಿ ಅಗಸರ ನಮ್ಮ ತೆಲಂಗಾಣದ ಸಮಾಜ ಕಲ್ಯಾಣ ಗುರುಕುಲದಲ್ಲಿ ಓದಿದಾಕಿ. ಅಪ್ಪ ಚಹಾ ಮಾರುತ್ತಿದ್ದವರು.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಮೊದಲ ವರ್ಷ ಸೆಲೆಕ್ಷನ್ ಮುಗಿದ ಮರುದಿನ ನನಗೆ ಗೊತ್ತಾಯಿತು. ನೋಟೀಸು ಬಂದಿತ್ತು, ಬೋರ್ಡಿಗೆ ಹಚ್ಚಿರಲಿಲ್ಲ. ಎರಡನೇ ವರ್ಷ ಮೊದಲ ಬಸ್ಸಿಗೆ ಹೋದೆ. ಅಲ್ಲಿ ಟೆಂತ್ ಮೆಮೊ ಒರಿಜಿನಲ್ ಕೇಳಿದರು. ಅದು ಅಡ್ಮಿಷನ್ ಹೊತ್ತಿಗೆ ಕಾಲೇಜಿಗೆ ಕೊಟ್ಟದ್ದು, ಬೀರುವಿನಲ್ಲಿತ್ತು. ಬೀರುವಿನ ಕೀಲಿ ಇದ್ದ ಗುಮಾಸ್ತರು ರಜೆ. ನನ್ನ ಹತ್ತಿರ ಜೆರಾಕ್ಸ್ ಇತ್ತು, ಅದರ ಮೇಲೆ ಸಹಿ ಇರಲಿಲ್ಲ. ಹಗ್ಗದ ಈಚೆ ನಿಂತು 800 ಮೀಟರ್ ಓಟ ನೋಡಿದೆ. ಮೂರನೇ ಬಂದ ಹುಡುಗಿ ಏದುಸಿರು ಬಿಡುತ್ತಾ ಬಂದು ನೀರಿನ ಬಾಟಲಿ ಕೇಳಿದಳು, ಕೊಟ್ಟೆ. ‘ನೀನ್ಯಾಕ ಓಡಲಿಲ್ಲ?’ ಅಂದಳು. ಮೆಮೊ ಇಲ್ಲ ಅನ್ನೋಕೆ ನಾಚಿಕೆ ಆಯಿತು, ಕಾಲು ನೋವು ಅಂದೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ.

ಈ ವರ್ಷ ಎಲ್ಲ ಕಾಗದ ಇದ್ದವು. ಓಡಿದೆ. ನಾಲ್ಕನೇ ಬಂದೆ, ತಂಡಕ್ಕೆ ಸಿಗಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಮುಂದಿದ್ದ ಮೂವರು ನನಗಿಂತ ಜೋರು. ಆದರೆ ಅವರು ಮೂರು ವರ್ಷ ಓಡಿದವರು, ನಾನು ಒಂದು ವರ್ಷ.

ನಮ್ಮ ಓಣಿಯಲ್ಲೇ ಒಬ್ಬ ಅಣ್ಣ ಇದ್ದಾನೆ, ಹೆಸರು ಹೇಳಿದರೆ ಸಿಟ್ಟಾಗ್ತಾನೆ. ಜಾತ್ರೆ ಕಬಡ್ಡಿಯಲ್ಲಿ ಅವನು ರೈಡಿಗೆ ಹೋದರೆ ಎದುರಿನವರು ಹಿಂದೆ ಸರಿಯುತ್ತಾರೆ. ಅವನ ಮನೆಯಲ್ಲಿ ಶೀಲ್ಡುಗಳ ಮೇಲೆ ಈಗ ಬೆಳ್ಳುಳ್ಳಿ ಬುಟ್ಟಿ ಇಟ್ಟಿದ್ದಾರೆ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟು ಹೈದರಾಬಾದಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಪಾಲಮೂರು ಕೂಲಿ ಅಂದರೆ ದೇಶಕ್ಕೆಲ್ಲ ಗೊತ್ತು, ಪಾಲಮೂರು ರೈಡರ್ ಅಂದರೆ ಯಾರಿಗೂ ಗೊತ್ತಿಲ್ಲ. ಕಾಲೇಜು ಬಿಟ್ಟ ದಿನವೇ ಆ ಬಾಗಿಲೂ ಮುಚ್ಚಿತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ.

ನಮ್ಮವರಿಗೆ ಆಟ ಹೊಸದೇನಲ್ಲ. ಧಾರವಾಡದಲ್ಲಿ ಹುಟ್ಟಿದ ಪಲ್ವಣಕರ್ ಬಾಲೂ ಚಮ್ಮಾರ ಸಮುದಾಯದವರು. ಪುಣೆಯ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸಕ್ಕಿದ್ದು, ಬಿಳಿಯರಿಗೆ ಬೌಲಿಂಗ್ ಹಾಕುತ್ತಾ ಕಲಿತವರು. ತಂಡಕ್ಕೆ ತೆಗೆದುಕೊಂಡ ಮೇಲೂ ಅವರಿಗೆ ಚಹಾ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಹಿಂದೂ ತಂಡಕ್ಕೆ ನಾಯಕನನ್ನಾಗಿ ಮಾಡಲಿಲ್ಲ. 1923ರಲ್ಲಿ ಅವರ ತಮ್ಮ ವಿಠಲ್ ನಾಯಕರಾದರು. (ಬಾಲೂ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ನಿಂತು ಸೋತರು ಅನ್ನೋದೂ ನಿಜ, ಮುಚ್ಚಿಡೋದಿಲ್ಲ.) ಅವರಿಗೆ ಮೈದಾನದೊಳಗೆ ಕಾಲಿಡಲು ಕಸಬರಿಗೆ ಬೇಕಾಯಿತು. ನಮಗೆ ಕಾಲೇಜಿನ ಐಡಿ ಕಾರ್ಡು ಸಾಕು, ಅದನ್ನೂ ನಾವು ಬಳಸುತ್ತಿಲ್ಲ.

ಹುಡುಗಿಯರಿಗೆ ಒಂದು ಮಾತು. ಮಹಬೂಬ್‌ನಗರ ದೂರ, ಬಸ್ ಚಾರ್ಜು ಅಂತ ಇನ್ನು ಹೇಳಬ್ಯಾಡ್ರಿ. 2023ರ ಡಿಸೆಂಬರಿನಿಂದ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಮಗೆ ದುಡ್ಡಿಲ್ಲ, ಆಧಾರ್ ಕಾರ್ಡು ಒಂದಿದ್ದರೆ ಆಯಿತು. ಜೊತೆಗೆ ಯಾರಿಲ್ಲ ಅಂದರೆ ನಾನು ಬರ್ತೀನಿ, ಮನೆಗೆ ಬಂದು ನಿಮ್ಮ ಅಪ್ಪನ ಹತ್ತಿರ ಮಾತಾಡ್ತೀನಿ. ಅಣ್ಣಂದಿರಿಗೆ ಟಿಕೆಟ್ ಇದೆ. ಅದಕ್ಕೇ ಸಂಘದ ಹಿರಿಯರಿಗೆ ಒಂದು ಬೇಡಿಕೆ. ಈ ಸಂಚಿಕೆಯ ಜಾಹೀರಾತಿನ ಹಣ ಉಳಿದರೆ ಸೆಲೆಕ್ಷನ್‌ಗೆ ಹೋಗುವ ಹುಡುಗರ ಬಸ್ ಚಾರ್ಜಿಗೆ ತೆಗೆದಿಡಿ, ಒಂದು ಸ್ಟಾಪ್‌ವಾಚ್ ಕೊಳ್ಳಿ. ಉಳಿಯದಿದ್ದರೆ ಮುಂದಿನ ವರ್ಷ ಶಾಲು, ಹಾರ ಸ್ವಲ್ಪ ಕಡಿಮೆ ಮಾಡಿ. ನನಗೆ ಈಗ ಹಾಕಿದ್ದೂ ಸೇರಿಸಿ ಹೇಳ್ತಿದ್ದೀನಿ.

ಒಂದು ನೋಟ್‌ಬುಕ್ ಮಾಡಿದ್ದೇನೆ. ನಮ್ಮ ಓಣಿಯಲ್ಲಿ, ಅಕ್ಕಪಕ್ಕದ ಊರುಗಳಲ್ಲಿ ಯಾರು ಯಾವ ಕಾಲೇಜು, ಯಾವ ವರ್ಷ, ಯಾವ ಆಟ ಅಂತ ಬರೆಯೋಕೆ. ಕಾಲೇಜು ಶುರುವಾದ ವಾರವೇ ನಿಮ್ಮ ಪಿ.ಡಿ. ಸರ್ ಹತ್ತಿರ ಹೋಗಿ ಈ ವರ್ಷದ ಪಂದ್ಯಗಳ ಪಟ್ಟಿ ಕೇಳಿ, ಫೋನಿನಲ್ಲಿ ಫೋಟೊ ತೆಗೆದು ನನಗೆ ಕಳಿಸಿ. ಬೋನಫೈಡ್ ಮೊದಲೇ ಬರೆಸಿಟ್ಟುಕೊಳ್ಳಿ. ಮೆಮೊ ಕಾಲೇಜಿನಲ್ಲಿದ್ದರೆ ಪಂದ್ಯಕ್ಕೆ ವಾರ ಮುಂಚೆ ಅರ್ಜಿ ಕೊಟ್ಟು ಈಸಿಕೊಳ್ಳಿ, ಹಿಂದಿನ ದಿನ ಹೋಗಬೇಡಿ.

ಬರುವ ಭಾನುವಾರ ಬೆಳಿಗ್ಗೆ ಐದೂವರೆಗೆ ಕೆರೆ ಏರಿ ಮೇಲೆ ಇರ್ತೀನಿ. ಶೂ ಇಲ್ಲದಿದ್ದರೂ ಬನ್ನಿ. ಟೆಂತ್ ಮೆಮೊ ಜೆರಾಕ್ಸ್ ಮಾತ್ರ ಮರೀಬೇಡಿ, ಹುಟ್ಟಿದ ತಾರೀಖು ನೋಡಿ ಹೆಸರು ಬರಕೊಳ್ತೀನಿ. ಜೈ ಭೀಮ್.