ವಾಸ ಎಲ್ಲಿ, ಅರ್ಜಿ ಅಲ್ಲಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಹದಿನಾಲ್ಕು ವರ್ಷ ಈ ಮುಂಬಯಿಯ ಹೋಟೆಲುಗಳಲ್ಲಿಯೂ, ಅನಂತರ ಹನ್ನೊಂದು ವರ್ಷ ದುಬಾಯಿಯ ಒಂದು ಹೋಟೆಲಿನಲ್ಲಿಯೂ ಕಾವಲಿಯ ಮುಂದೆ ನಿಂತವನು ನಾನು. ಆದರೂ ಕಾರ್ಯದರ್ಶಿಗಳು ನನ್ನನ್ನು ಇಲ್ಲಿ ನಿಲ್ಲಿಸಿದ್ದಕ್ಕೆ ಕಾರಣವುಂಟು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಮನೆಗಳ ಮಕ್ಕಳಲ್ಲಿ ಕೆಲವರು ಹೋಟೆಲು ಸೇರಿದರು, ಕೆಲವರು ಗಲ್ಫಿಗೆ ಹೋದರು. ಈಗ ಅವರು ಅಲ್ಲಿಂದ ಮತ್ತೊಂದು ದೇಶವನ್ನು ನೋಡಲು, ಅಲ್ಲಿರುವ ನೆಂಟರನ್ನು ಕಾಣಲು ಹೊರಡುತ್ತಾರೆ. ಪಾಸ್‌ಪೋರ್ಟು ಭಾರತದ್ದು, ಹೊಟ್ಟೆಪಾಡು ದುಬಾಯಿಯದು, ಹೋಗಬೇಕಾದದ್ದು ಜರ್ಮನಿಗೆ. ಇಂಥವನು ವೀಸಾಕ್ಕೆ ಎಲ್ಲಿ ಅರ್ಜಿ ಹಾಕಬೇಕು? ಹೋದ ತಿಂಗಳು ಮೂವರು ಸದಸ್ಯರು ಇದನ್ನೇ ನನ್ನೊಡನೆ ಕೇಳಿದರು.

ನಾನು ಎಡವಿದ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ.

2023ರ ಮಾತು. ನನ್ನ ಅಕ್ಕನ ಮಗಳು ನರ್ಸಿಂಗ್ ಓದಿ ಜರ್ಮನಿಯಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಾಳೆ. ಅವಳಿಗೆ ಹೆಣ್ಣುಮಗು ಹುಟ್ಟಿತು. ನನ್ನ ಅಕ್ಕ ಆಗಲೇ ತೀರಿಹೋಗಿದ್ದಳು. "ಮಾವ, ತವರಿನ ಕಡೆಯವರು ಅಂತ ನೀವೊಬ್ಬರಾದರೂ ನಾಮಕರಣಕ್ಕೆ ಬರಬೇಕು" ಎಂದು ಹುಡುಗಿ ಫೋನಿನಲ್ಲಿ ಅತ್ತುಬಿಟ್ಟಳು. ನಾನು ರಜೆಯ ಮೇಲೆ ಮುಂಬಯಿಗೆ ಬಂದಿದ್ದೆ. ಇಲ್ಲಿಯೇ ಕೆಲಸ ಮುಗಿಸೋಣವೆಂದು ಕಾಗದಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ವೀಸಾ ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಹೋದೆ. ಕಿಟಕಿಯ ಹಿಂದಿದ್ದ ಹೆಣ್ಣುಮಗಳು "ನಿಮ್ಮ ವಾಸ ಎಲ್ಲಿ?" ಎಂದಳು. "ಕುಂದಾಪುರದ ಹತ್ತಿರ" ಎಂದೆ. "ಊರು ಕೇಳಲಿಲ್ಲ, ವಾಸ ಕೇಳಿದೆ. ನೌಕರಿ ದುಬಾಯಿಯಲ್ಲಿದ್ದರೆ ಅರ್ಜಿಯನ್ನು ದುಬಾಯಿಯಲ್ಲಿ ಕೊಡಿ" ಎಂದು ಕಾಗದಗಳನ್ನು ಹಿಂದಕ್ಕೆ ತಳ್ಳಿದಳು. ಭಾರತದ ಪ್ರಜೆ ಭಾರತದಲ್ಲಿ ನಿಂತು ಕೇಳಿದರೆ ಇಲ್ಲವೆನ್ನುವುದೆಂದರೇನು ಎಂದು ನನಗೆ ಸಿಟ್ಟೇ ಬಂತು.

ಸಿಟ್ಟು ತಪ್ಪು. ಅವಳು ಹೇಳಿದ್ದು ನಿಯಮ. ಯುರೋಪಿನ 29 ದೇಶಗಳು ಕೂಡಿ ಒಂದೇ ಬಗೆಯ ವೀಸಾ ಕೊಡುತ್ತವೆ. ಅದಕ್ಕೆ ಷೆಂಗೆನ್ ವೀಸಾ ಎಂದು ಹೆಸರು. 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಅಲ್ಲಿರಬಹುದು. ಅರ್ಜಿದಾರ ಯಾವ ಪ್ರದೇಶದಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದಾನೋ ಆ ಪ್ರದೇಶದ ಕಾನ್ಸುಲೇಟಿನಲ್ಲಿಯೇ ಅರ್ಜಿ ಕೊಡಬೇಕೆಂಬುದು ಅವರ ಕಟ್ಟಳೆ. ಬೇರೆ ಕಡೆ ತಾತ್ಕಾಲಿಕವಾಗಿ ಇರುವವನು ಸರಿಯಾದ ಕಾರಣ ತೋರಿಸಿದರೆ ಅಲ್ಲಿಯೂ ತೆಗೆದುಕೊಳ್ಳಬಹುದು, ಆದರೆ ಆ ಕಾರಣ ಅವರಿಗೆ ಒಪ್ಪಿಗೆಯಾಗಬೇಕು. ನಮ್ಮ ಹಿರಿಯರಿಗೆ ಇದೇನೂ ಹೊಸದಲ್ಲ. ಒಂದು ಕಾಲದಲ್ಲಿ ರೇಶನ್ ಕಾರ್ಡಿನ ಹೆಸರು ಊರಿನಲ್ಲಿ, ಹಸಿವು ಮುಂಬಯಿಯ ಖೋಲಿಯಲ್ಲಿ. ಊರಿನಲ್ಲಿ ಹೆಸರು ತೆಗೆಸಿ ಇಲ್ಲಿ ಸೇರಿಸುವ ತನಕ ಅಂಗಡಿಯವನು ಅಕ್ಕಿ ಅಳೆಯುತ್ತಿರಲಿಲ್ಲ.

ಸರಿ, ದುಬಾಯಿಗೆ ಹಿಂತಿರುಗಿದೆ. ನಿಜವಾದ ಪಾಡು ಅಲ್ಲಿ ಶುರುವಾಯಿತು.

ಅಲ್ಲಿ ಖಾಸಗಿ ನೌಕರನ ವಾಸದ ಪರವಾನಗಿ ಸಾಮಾನ್ಯವಾಗಿ ಎರಡು ವರ್ಷದ್ದು. ಮೊದಲು ಅದನ್ನು ಪಾಸ್‌ಪೋರ್ಟಿನಲ್ಲಿ ಅಂಟಿಸುತ್ತಿದ್ದರು. 2022ರಿಂದ ಗುರುತಿನ ಕಾರ್ಡೇ ಅದಕ್ಕೆ ಆಧಾರ. ನನ್ನ ಕಾರ್ಡಿನಲ್ಲಿ ಉಳಿದದ್ದು ಎರಡೇ ತಿಂಗಳು. ವೀಸಾ ಕೊಡುವವರು ಪ್ರವಾಸ ಮುಗಿದ ಮೇಲೆಯೂ ಮೂರು ತಿಂಗಳಾದರೂ ಕಾರ್ಡು ಜೀವಂತವಿರಬೇಕೆನ್ನುತ್ತಾರೆ. ಪಾಸ್‌ಪೋರ್ಟಿಗೂ ಹಾಗೆಯೇ ಮೂರು ತಿಂಗಳು, ಜೊತೆಗೆ ಎರಡು ಖಾಲಿ ಪುಟ. ಯಾಕೆ ಹೀಗೆ? "ಇವನು ಹಿಂತಿರುಗಿ ಹೋಗುವನೇ, ಹೋದರೆ ಇವನನ್ನು ಒಳಗೆ ಬಿಡುವವರುಂಟೇ" ಎಂಬುದೇ ಅವರ ದೊಡ್ಡ ಸಂಶಯ. ಇಲ್ಲಿಂದ ಹೋಗುವವನು ತನ್ನ ಮನೆ, ಜಮೀನು, ಸಂಸಾರ ತೋರಿಸಬಹುದು. ನನ್ನ ಸಂಸಾರ ಕುಂದಾಪುರದ ಕಡೆ ಇದೆ. ಆದರೆ ನಾನು ತೋರಿಸಬೇಕಾದದ್ದು ದುಬಾಯಿಯ ಆ ಅಡುಗೆಮನೆಯ ಬೆಂಕಿಯ ಮುಂದಕ್ಕೆ ಮತ್ತೆ ಹೋಗುತ್ತೇನೆಂಬುದನ್ನು! ಅದನ್ನು ಹೇಳಬೇಕಾದವನು ನಾನೂ ಅಲ್ಲ, ನನ್ನ ಮಾಲೀಕ. ಕಾರ್ಡು ಹೊಸದು ಮಾಡಿಸುವವನು ಅವನೇ, ಪತ್ರ ಕೊಡುವವನೂ ಅವನೇ. ಪಾಸ್‌ಪೋರ್ಟು ಅವನ ತಿಜೋರಿಯಲ್ಲಿತ್ತು.

ಬಂಧುಗಳೇ, ಇದನ್ನು ಗಮನವಿಟ್ಟು ಕೇಳಿರಿ. ನೌಕರನ ಪಾಸ್‌ಪೋರ್ಟನ್ನು ಮಾಲೀಕ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಆ ದೇಶದ 2021ರ 33ನೇ ಕಾರ್ಮಿಕ ಕಾನೂನಿನಲ್ಲಿ ಇದು ಸ್ಪಷ್ಟವಾಗಿದೆ. ನನಗೆ ಆಗ ಅದು ತಿಳಿದಿರಲಿಲ್ಲ. "ಭದ್ರವಾಗಿರಲಿ" ಎಂಬ ಮಾತಿಗೆ ಹನ್ನೊಂದು ವರ್ಷ ತಲೆಯಾಡಿಸಿದ್ದೆ. ಕೇಳಿದಾಗ "ಜರ್ಮನಿಗೆ ಹೋಗಿ ಅಲ್ಲಿಯೇ ನಿಂತುಬಿಟ್ಟರೆ ನನ್ನ ಕೌಂಟರು ಯಾರು ನೋಡುತ್ತಾರೆ?" ಎಂದ. ನಾಳೆ, ನಾಡಿದ್ದು ಎಂದು ಮೂರು ತಿಂಗಳು ಕಳೆಯಿತು. ನಾಮಕರಣ ಆಗಿಹೋಯಿತು. ಕೊನೆಗೆ ಒಬ್ಬ ಮಲೆಯಾಳಿ ಸಹೋದ್ಯೋಗಿ ಕಾರ್ಮಿಕ ಇಲಾಖೆಯ ಹೆಸರು ಎತ್ತಿದ ಮೇಲೆ ತಿಜೋರಿ ತೆರೆಯಿತು. ಕಾರ್ಡೂ ಹೊಸದಾಯಿತು.

ಮಾಲೀಕನ ಪತ್ರದಲ್ಲಿ ಏನಿರಬೇಕು? ಯಾವ ಕೆಲಸ, ಯಾವಾಗಿನಿಂದ, ಸಂಬಳವೆಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ರಜೆ, ಮತ್ತೆ ಕೆಲಸಕ್ಕೆ ಹಾಜರಾಗುತ್ತಾನೆಯೇ ಇಷ್ಟು. ಕಾರ್ಡಿನಲ್ಲಿ ಒಂದು ಉದ್ಯೋಗ, ಪತ್ರದಲ್ಲಿ ಇನ್ನೊಂದು ಉದ್ಯೋಗ ಬರೆಸಬೇಡಿ. ಮರ್ಯಾದೆಗೆಂದು "ಮ್ಯಾನೇಜರ್" ಎಂದು ಬರೆಸಿಕೊಂಡವರನ್ನು ನಾನು ಬಲ್ಲೆ. ಅಡುಗೆಯವನೆಂದರೆ ವೀಸಾ ಸಿಗದು ಎಂಬ ಹೆದರಿಕೆ. ನಾನು ಅಡುಗೆಯವನೆಂದೇ ಬರೆಸಿದೆ, ಅಡುಗೆಯವನಾಗಿಯೇ ಹೋದೆ.

ಹಣದ ವಿಚಾರದಲ್ಲಿ ನಮ್ಮವರು ಹೆಚ್ಚಾಗಿ ಕೆಡುತ್ತಾರೆ. 2009ರಿಂದ ಆ ದೇಶದಲ್ಲಿ ಸಂಬಳವನ್ನು ಸರಕಾರ ಗೊತ್ತುಮಾಡಿದ ವ್ಯವಸ್ಥೆಯ ಮೂಲಕ ಕೊಡುವ ಏರ್ಪಾಡು ಬಂದಿದೆ. ತಿಂಗಳು ತಿಂಗಳೂ ಬಂದ ಸಂಬಳದ ಲೆಕ್ಕ ಖಾತೆಯಲ್ಲಿದ್ದರೆ ಅದೇ ದೊಡ್ಡ ಸಾಕ್ಷಿ. ನನ್ನ ರೂಮಿನವನೊಬ್ಬ ನಾಲ್ಕು ಜನರಿಂದ ಸಾಲ ತಂದು ಅರ್ಜಿಯ ಹಿಂದಿನ ದಿನ ಖಾತೆಗೆ ತುಂಬಿದ. ಲೆಕ್ಕ ನೋಡುವವರು ಕುರುಡರೇ? ಅರ್ಜಿ ತಿರಸ್ಕಾರವಾಯಿತು, ಫೀಸೂ ಹೋಯಿತು. 2024ರ ಜೂನ್ 11ರಿಂದ ಆ ಫೀಸು ದೊಡ್ಡವರಿಗೆ 90 ಯೂರೋ. ತಿರಸ್ಕರಿಸಿದರೆ ವಾಪಸು ಇಲ್ಲ. ತಿರಸ್ಕಾರದ ಕಾರಣವನ್ನು ಮಾತ್ರ ಬರೆದು ಕೊಡಲೇಬೇಕು, ಅದರ ಮೇಲೆ ಅಪೀಲಿನ ಹಕ್ಕೂ ಇದೆ. ಆ ಕಾಗದವನ್ನು ಸಿಟ್ಟಿನಿಂದ ಹರಿದು ಹಾಕಬೇಡಿ, ಮುಂದಿನ ಅರ್ಜಿಗೆ ಅದೇ ಪಾಠ.

ಉಳಿದದ್ದೆಲ್ಲ ಸುಲಭ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಫೋಟೋ, ಬೆರಳಚ್ಚು. ಪ್ರವಾಸದ ಆರು ತಿಂಗಳ ಒಳಗೆ, ಕಡೇಪಕ್ಷ 15 ದಿನ ಮೊದಲು ಅರ್ಜಿ. ವೀಸಾ ಕೈಗೆ ಬರುವ ಮೊದಲು ಟಿಕೇಟಿಗೆ ಪೂರ್ತಿ ಹಣ ಸುರಿಯಬೇಡಿ. ಏಜೆಂಟನು ಸುಳ್ಳು ಹೋಟೆಲ್ ಬುಕಿಂಗ್ ಮಾಡಿಕೊಟ್ಟರೆ ಸಹಿ ನಿಮ್ಮದು, ಸಿಕ್ಕಿಬೀಳುವವರೂ ನೀವೇ. ನೆಂಟರ ಮನೆಯಲ್ಲಿ ಉಳಿಯುವುದಾದರೆ ಹಾಗೆಂದೇ ಬರೆಯಿರಿ. ಜರ್ಮನಿಯಲ್ಲಿ ಕರೆಯುವವರು ಅಲ್ಲಿನ ಸರಕಾರಿ ಕಚೇರಿಗೆ ಹೋಗಿ ಖರ್ಚಿನ ಹೊಣೆ ತಮ್ಮದೆಂದು ಸಹಿ ಮಾಡಿ ಪತ್ರ ಪಡೆಯಬಹುದು. ನನ್ನ ಸೊಸೆ ಹಸುಗೂಸನ್ನು ಎತ್ತಿಕೊಂಡೇ ಹೋಗಿ ಅದನ್ನು ಮಾಡಿಸಿದಳು.

ಎಲ್ಲ ದೇಶಗಳಿಗೂ ಒಂದೇ ಕಟ್ಟಳೆಯಲ್ಲ. ಸೌದಿ ಅರೇಬಿಯಾ 2023ರಲ್ಲಿ ಗಲ್ಫ್ ದೇಶಗಳ ನಿವಾಸಿಗಳು ಯಾವ ಉದ್ಯೋಗದವರಾದರೂ ಪ್ರವಾಸಿ ವೀಸಾ ಕೇಳಬಹುದೆಂದು ಪ್ರಕಟಿಸಿತು. ಸಪ್ಲಾಯರನಿಗೂ ಇಂಜಿನಿಯರನಿಗೂ ಒಂದೇ ಬಾಗಿಲು. ಅಮೇರಿಕದವರಾದರೋ 2025ರ ಸೆಪ್ಟೆಂಬರಿನಲ್ಲಿ ಬಿಗಿ ಮಾಡಿದರು: ಸಂದರ್ಶನಕ್ಕೆ ಸ್ವಂತ ದೇಶ ಅಥವಾ ವಾಸದ ದೇಶ, ಎರಡರಲ್ಲಿ ಒಂದನ್ನು ಆರಿಸಬೇಕು. ಇಲ್ಲಿ ಸರದಿ ಉದ್ದವೆಂದು ಮೂರನೆಯ ದೇಶಕ್ಕೆ ಓಡುವ ಉಪಾಯ ಇನ್ನು ನಡೆಯದು.

ಇನ್ನೊಂದು ಮಾತು ರಜೆಯ ಮೇಲೆ ಬಂದವರಿಗೆ. ಆರು ತಿಂಗಳು ಮೀರಿ ಹೊರಗಿದ್ದರೆ ದುಬಾಯಿಯ ವಾಸದ ಪರವಾನಗಿ ಸಾಮಾನ್ಯವಾಗಿ ರದ್ದಾಗುತ್ತದೆ. ಅದು ಹೋದರೆ ಅಲ್ಲಿನ ನಿವಾಸಿಯೆಂದು ವೀಸಾ ಕೇಳುವ ದಾರಿಯೂ ಹೋಯಿತು.

ನಾನು ಹೋದಾಗ ಮಗುವಿಗೆ ಐದು ತಿಂಗಳು. ಫ್ರಾಂಕ್‌ಫರ್ಟಿನಲ್ಲಿ ಪೋಲೀಸನು ಪಾಸ್‌ಪೋರ್ಟು ತಿರುವಿ "ಹಿಂದಕ್ಕೆ ಎಲ್ಲಿಗೆ?" ಎಂದ. "ದುಬಾಯಿಗೆ" ಎಂದು ಕಾರ್ಡು ತೋರಿಸಿದೆ. ಮುದ್ರೆ ಒತ್ತಿದ. ಹೊರಗೆ ಹುಡುಗಿ ನಿಂತಿದ್ದಳು. ಮಗು ನನ್ನ ಮೀಸೆ ನೋಡಿ ಕಿರುಚಿಕೊಂಡಿತು. ಹನ್ನೆರಡು ದಿನ ಅದನ್ನು ಆಡಿಸಿ, ಬಂದ ದಾರಿಯಲ್ಲಿ ಹಿಂತಿರುಗಿದೆ.

ಮಕ್ಕಳ ಕಾಗದಪತ್ರಗಳ ನಕಲು ತಂದವರು ಮುಂದೆ ಬನ್ನಿರಿ. ಮೊದಲು ಕಾರ್ಡಿನ ತಾರೀಖು ನೋಡೋಣ.